ಅಕ್ಕೋರು ತಿದ್ದಿಸಿದ ‘ಝ’

ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಎರಡನೇ ಸಲ ಅಕ್ಷರಾಭ್ಯಾಸವಾಯಿತು. ಮೊದಲನೆಯದು ನಂಜನಗೂಡಿನಲ್ಲಿ, ಅಜ್ಜನ ತೊಡೆಯ ಮೇಲೆ ಕೂತು, ಅಕ್ಕಿ ಹರಡಿದ ತಟ್ಟೆಯಲ್ಲಿ. ಎರಡನೆಯದು ಕೋಲ್ಕತ್ತಾದ ಡಮ್ ಡಮ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಹಾಸ್ನಾಬಾದ್ ಲೋಕಲ್‌ಗೆ ಕಾಯುತ್ತಾ. ಕಲಿಸಿದವರು ಧಾರವಾಡದ ಕಡೆಯ ಒಬ್ಬ ನಿವೃತ್ತ ಪ್ರಾಧ್ಯಾಪಕಿ. ಕಲಿಸಿದ್ದು ಒಂದೇ ಅಕ್ಷರ, ‘ಝ’. ಶಾಲೆಯಲ್ಲಿ ‘ಝರಿ’ಯನ್ನು ‘ಜರಿ’ ಎಂದೇ ಓದಿ, ಬೆಟ್ಟದ ನೀರನ್ನು ನೂರು ಕಾಲಿನ ಹುಳ ಮಾಡಿ ಪಾಸಾದವನು ನಾನು. ನಮ್ಮ ಕಡೆಯ ನಾಲಗೆಗೆ ಮಹಾಪ್ರಾಣ ಎಂದರೆ ದಂಡದ ಖರ್ಚು.

ಆಕೆ ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಯಾವುದಾದರೂ ವರದಿಯಲ್ಲಿ ಅವರ ಹೆಸರು ಮೊದಲು ಬಂದಿದ್ದರೆ, ಜಾಗ ತೋರಿಸಿದ ಊರವರ ಹೆಸರು ಎಲ್ಲಿ ಎಂದು ಜಗಳ ತೆಗೆಯುತ್ತಿದ್ದರು. ನಾನು ಕರೆಯುತ್ತಿದ್ದ ಹಾಗೆ ಅಕ್ಕೋರು ಎಂದೇ ಬರೆಯುತ್ತೇನೆ.

ಕಸ್ಬಾದಲ್ಲಿರುವ ನಮ್ಮ ಕಚೇರಿಯ ಕೆಲಸ ಹಳ್ಳಿಗಳಲ್ಲಿ ಮೊಬೈಲ್ ಟವರ್ ನಿಲ್ಲಿಸುವುದು. ಜಾಗ ಹುಡುಕುವ ಇಂಜಿನಿಯರ್ ನಾನು. ನಮ್ಮ ಯೋಜನೆಗೆ ಒಂದು ಷರತ್ತಿತ್ತು: ಬುನಾದಿ ತೋಡುವ ಮುನ್ನ ಪುರಾತತ್ವ ಬಲ್ಲವರೊಬ್ಬರು ಬಂದು ನೋಡಬೇಕು, ನೆಲದಡಿ ಹಳೆಯದೇನಾದರೂ ಇದೆಯೇ ಎಂದು ಬರೆದುಕೊಡಬೇಕು. ನಮ್ಮ ಮಟ್ಟಿಗೆ ಅದು ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚುವ ಶಾಸ್ತ್ರ. ಯಾರಾದರೂ ಬಂದು ಹಚ್ಚಿ ಹೋದರೆ ಸಾಕಿತ್ತು. ಅಕ್ಕೋರು ಬಂದರು, ಅರಿಶಿನ ಪಕ್ಕಕ್ಕಿಟ್ಟು ಪತ್ರಿಕೆಯನ್ನೇ ಓದಿ ಮುಹೂರ್ತದಲ್ಲಿ ತಪ್ಪು ಹಿಡಿಯತೊಡಗಿದರು.

ಮೊದಲ ದಿನ ನಾನು ಮೇಡಂ ಎಂದೆ.

“ಮೇಡಂ ಬ್ಯಾಡ. ನಮ್ಮ ಕಡೆ ಸಾಲಿ ಕಲಿಸೋರಿಗೆ ಅಕ್ಕೋರು ಅಂತೀವಿ. ಇಷ್ಟು ದೊಡ್ಡ ಕೋಲ್ಕತ್ತಾದಾಗ ಒಬ್ಬ ಕನ್ನಡದಾವಾ ಸಿಕ್ಕೀ. ಮೊದಲು ಆ ಚೀಲ ಹಿಡ್ಕೋ” ಎಂದರು. ಚೀಲ ಹಿಡಿದುಕೊಂಡೆ. ಅದರಲ್ಲಿ ಕರಣಿ, ಟೇಪು, ಬ್ರಷ್ಷು, ಶೇಂಗಾ ಚಟ್ನಿಯ ಡಬ್ಬಿ ಇದ್ದವು.

ಮಂಡಿ ನೋವಿತ್ತು, ಆದ್ದರಿಂದ ಕೋಲು. ಆದರೆ ಅವರ ಯಾವ ವಸ್ತುವೂ ಒಂದೇ ಕೆಲಸ ಮಾಡಿಕೊಂಡು ಬದುಕುವಂತಿರಲಿಲ್ಲ. ಕೋಲಿಗೆ ಗೇಣಿಗೊಂದರಂತೆ ಕಪ್ಪು-ಬಿಳಿ ಪಟ್ಟೆ ಬಳಿದಿದ್ದರು. ಫೋಟೋ ತೆಗೆಯುವಾಗ ಹಳೆಯ ಗೋಡೆಯೋ ಮಡಕೆಯೋ ಎಷ್ಟು ದೊಡ್ಡದೆಂದು ತಿಳಿಯಲು ಅದನ್ನು ಪಕ್ಕಕ್ಕೆ ಮಲಗಿಸುತ್ತಿದ್ದರು. ಲೋಕಲ್ ರೈಲಿನಲ್ಲಿ ಜನ ಆ ಕೋಲು ಕಂಡು ಇವರಿಗೆ ಕಣ್ಣು ಕಾಣುವುದಿಲ್ಲವೆಂದು ತಿಳಿದು ಎದ್ದು ಜಾಗ ಬಿಡುತ್ತಿದ್ದರು. ಅಕ್ಕೋರು ಗಂಭೀರವಾಗಿ ಕೂತು, ಎರಡು ಸ್ಟೇಷನ್ ಕಳೆಯುವವರೆಗೆ ಸುಮ್ಮನಿದ್ದು, ಆಮೇಲೆ ಚೀಲದಿಂದ ಪುಸ್ತಕ ತೆಗೆದು ಓದಲು ಶುರು ಮಾಡುವರು. ಜಾಗ ಬಿಟ್ಟವನ ಮುಖ ನೋಡಬೇಕಿತ್ತು. “ನಾ ಕೇಳೇನೇನು? ಅವನಾಗೇ ಕೊಟ್ಟಾನ” ಎಂದು ನನಗೆ ಕನ್ನಡದಲ್ಲಿ ಸಮಜಾಯಿಷಿ.

ಜೊತೆ ಸೇರಿದ ಹೊಸತರಲ್ಲಿ ನನಗೂ ಹುರುಪು ಹತ್ತಿತು. ಒಂದು ಗದ್ದೆಯ ಬದುವಿನಲ್ಲಿ ಕೆಂಪು ಮಡಕೆ ಚೂರುಗಳು ಸಿಕ್ಕವು. ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಬೆವರು ಸುರಿಸುತ್ತಾ ಓಡಿ ಬಂದು ಅವರ ಮುಂದೆ ಬಿಚ್ಚಿದೆ. ಅಕ್ಕೋರು ಒಂದು ಚೂರನ್ನೆತ್ತಿ ಒಳಮೈಯನ್ನು ಬೆರಳಿನಿಂದ ಸವರಿದರು.

“ಭಾಳ ಮಹತ್ವದ್ದು” ಎಂದರು.

ನನ್ನ ಎದೆ ಉಬ್ಬಿತು.

“ಮಿಷ್ಟಿ ದೊಯ್ ಗಡಿಗಿ. ಹೋದ ವರ್ಷದ ಯಾವುದೋ ಮದಿವಿದು. ಮೊಸರು ತಿಂದು ಒಗದಾರ.” ಆಮೇಲೆ ನಗು ನಿಲ್ಲಿಸಿ, “ಎಲ್ಲಿಂದ ತಂದೀ, ಅಲ್ಲೇ ಇಟ್ಟು ಬಾ. ಸಾವಿರ ವರ್ಷ ಬಿಟ್ಟು ಬರೋರಿಗೂ ನಿನ್ನಂಗ ಖುಷಿ ಆಗಲಿ” ಎಂದರು. ಇಟ್ಟು ಬರುವವರೆಗೆ ಮರದ ಕೆಳಗೆ ನಿಂತು ಕಾದರು.

ಅವರಿಗೂ ನಮ್ಮ ಕಚೇರಿಗೂ ಜಗಳ ಹತ್ತಿದ್ದು ಒಂದು ಪದದ ಮೇಲೆ. ನಮ್ಮ ಫಾರ್ಮಿನಲ್ಲಿ ‘ಪ್ರಾಚೀನ ಅವಶೇಷ’ ಎಂಬ ಅಂಕಣದ ಮುಂದೆ ‘ಇದೆ’ ಅಥವಾ ‘ಇಲ್ಲ’ ಎಂದು ತುಂಬಬೇಕು. ಅಕ್ಕೋರು ‘ಇಲ್ಲ’ ಎಂದು ಯಾವತ್ತೂ ತುಂಬಲಿಲ್ಲ. ಎರಡನ್ನೂ ಹೊಡೆದುಹಾಕಿ, ‘ನಾನು ನೋಡಿದಷ್ಟರಲ್ಲಿ ಕಾಣಲಿಲ್ಲ’ ಎಂದು ಬರೆಯುತ್ತಿದ್ದರು. ಕಂಪ್ಯೂಟರ್ ಅದನ್ನು ಒಪ್ಪುತ್ತಿರಲಿಲ್ಲ. ಪ್ರತಿ ಸಲವೂ ಬೇರೆ ಹಾಳೆ ಲಗತ್ತಿಸಬೇಕು, ಪ್ರತಿ ಸಲವೂ ಮೇಲಿನಿಂದ ಫೋನು.

“ಕಾಣಲಿಲ್ಲ ಅನ್ನೂದು ಬ್ಯಾರೆ, ಇಲ್ಲ ಅನ್ನೂದು ಬ್ಯಾರೆ” ಎನ್ನುತ್ತಿದ್ದರು. “ಕಾಣಲಿಲ್ಲ ಅಂದ್ರ ನನ್ನ ಕಣ್ಣಿನ ಮಾತು, ಅದಕ್ಕ ನಾ ಜವಾಬ್ದಾರಿ. ಇಲ್ಲ ಅನ್ನಲಿಕ್ಕೆ ನಾ ಯಾರೋ?”

ಆಗ ನನಗೆ ಇದು ಪಂಡಿತರ ಹಟ ಅನ್ನಿಸುತ್ತಿತ್ತು. ಬೈದುಕೊಂಡೇ ಹಾಳೆ ಲಗತ್ತಿಸುತ್ತಿದ್ದೆ.

ಹಾಗಿರುವಾಗ ಹಾಸ್ನಾಬಾದ್ ಲೈನಿನ ಆಚೆ ಒಂದು ಊರು ನಮ್ಮ ಪಟ್ಟಿಗೆ ಬಂತು. ಅಲ್ಲಿನ ಆಶಾ ಕಾರ್ಯಕರ್ತೆ ರೆಹಾನಾ ಎರಡು ವರ್ಷ ಅರ್ಜಿ ಹಾಕಿ ಹಾಕಿ ತರಿಸಿದ ಟವರ್ ಅದು. ಕಾರಣವಿತ್ತು. ಆ ಊರಿನಲ್ಲಿ ಕಾಲುವೆ ಏರಿಯ ಒಂದು ತಾಳೆಮರದ ಬುಡದಲ್ಲಿ ಮಾತ್ರ ಸಿಗ್ನಲ್ ಬರುತ್ತಿತ್ತು. ಒಮ್ಮೆ ಹೆರಿಗೆ ನೋವು ಬಂದವಳಿಗೆ ಆಂಬುಲೆನ್ಸ್ ಕರೆಯಲು ರೆಹಾನಾ ಅಲ್ಲಿಗೆ ಓಡಿದ್ದಳು. ಊರಿನ ಹೆಸರಿನ ಮುಂದೆ ‘ದಕ್ಷಿಣ’ ಎಂದಿದೆ, ಅದೇ ಹೆಸರಿನ ‘ಉತ್ತರ’ವೂ ಒಂದಿದೆ. ಲೈನ್ ತುಂಡಾಗಿ ‘ದಕ್ಷಿಣ’ ಕೇಳಿಸಲಿಲ್ಲ. ಗಾಡಿ ಉತ್ತರಕ್ಕೆ ಹೋಯಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ನಾನು ಮೊದಲು ಹೋಗಿ ಜಾಗ ನೋಡಿದೆ. ಸುತ್ತ ಗದ್ದೆ, ನೀರು, ಮೀನಿನ ಕೆರೆ. ನಡುವೆ ಎತ್ತರದ ಒಂದು ದಿಬ್ಬ. ಮಳೆಗಾಲದಲ್ಲೂ ಮುಳುಗುವುದಿಲ್ಲ. ಟವರಿಗೆ ಹೇಳಿ ಮಾಡಿಸಿದಂತಿತ್ತು. ಕೆರೆಯ ಘಾಟಿನಲ್ಲಿ, ಮೆಟ್ಟಿಲ ಮೇಲೆ, ಸ್ನಾನ ಮಾಡುತ್ತಿದ್ದ ಹೆಂಗಸರನ್ನು, ಆ ದಿಬ್ಬವನ್ನು ಯಾರಾದರೂ ಬಳಸುತ್ತೀರಾ ಎಂದು ದೂರದಿಂದಲೇ ನನ್ನ ಹರಕು ಬಂಗಾಳಿಯಲ್ಲಿ ಕೇಳಿದೆ. ಒಬ್ಬಾಕೆ ಏನೋ ಹೇಳಿದಳು. ನಾನು ವರದಿಯಲ್ಲಿ ಬರೆದೆ: ‘ಊರ ಹೆಂಗಸರು ಬಟ್ಟೆ ಒಣಗಿಸುವ ಜಾಗ. ಬೇರೆ ಬಳಕೆ ಇಲ್ಲ.’

ಸೋಮವಾರ ಬೆಳಿಗ್ಗೆ ಅಕ್ಕೋರನ್ನು ಅಲ್ಲಿಗೆ ಕರೆದೊಯ್ಯಲು ಡಮ್ ಡಮ್‌ಗೆ ಹೋದೆ. ಅವರ ಮನೆ ಅಲ್ಲೇ. ಪ್ಲಾಟ್‌ಫಾರ್ಮಿನಲ್ಲಿ ನಿಂತು ನನ್ನ ವರದಿ ಓದಿದರು.

“ದಿಬ್ಬದ ಮ್ಯಾಲೆ ಬಟ್ಟಿ ಒಣಗಿದ್ದು ನೀ ನೋಡೀ ಏನು?”

“ಇಲ್ಲ ಅಕ್ಕೋರೆ. ಅವರೇ ಹೇಳಿದ್ದು.”

“ಏನಂದ್ರು? ಅವರ ಮಾತಿನಾಗ ಹೇಳು.”

“ಓಖಾನ್ ಥೇಕೆ ತೋ ಜಾಮಾ ಆನಿ, ಅಂದ್ರು. ಅಲ್ಲಿಂದ ಬಟ್ಟೆ ತರ್ತೀವಿ ಅಂತ ತಾನೇ? ಒಣಗಿದ್ಮೇಲೆ ತರ್ತಾರೆ.”

ಅಕ್ಕೋರು ಕನ್ನಡಕ ತೆಗೆದರು. “ಜಾಮಾನೋ, ಝಾಮಾನೋ?”

“ಜಾಮಾ.”

“ಝಾಮಾ ಅನ್ನು ನೋಡೂಣು.”

“ಜಾಮಾ.”

ಅವರು ನಕ್ಕ ನಗುವಿಗೆ ಪಕ್ಕದ ಬೆಂಚಿನವರೆಲ್ಲ ತಿರುಗಿದರು. ಜಾಮಾ ಎಂದರೆ ಬಟ್ಟೆ. ಝಾಮಾ ಎಂದರೆ ಬೆಂಕಿಯಲ್ಲಿ ಅತಿಯಾಗಿ ಬೆಂದು ಕಪ್ಪಾದ ಇಟ್ಟಿಗೆಯ ಚೂರು. ಬಂಗಾಳದ ಹೆಂಗಸರು ಘಾಟಿನಲ್ಲಿ ಕೂತು ಹಿಮ್ಮಡಿ ಉಜ್ಜುವುದು ಅದರಿಂದ. ಅಲ್ಲಿಂದ ಝಾಮಾ ತರುತ್ತೇವೆ ಎಂದು ಅವರು ಹೇಳಿದ್ದರೆ, ಆ ದಿಬ್ಬದ ಹೊಟ್ಟೆಯಲ್ಲಿ ಇಟ್ಟಿಗೆ ಇದೆ ಎಂದರ್ಥ.

“ನಿಮ್ಮ ಮೈಸೂರು ನಾಲಿಗಿ ಒಂದು ಗೋಡೀನ ನುಂಗ್ಯದ ನೋಡು” ಎಂದರು ಅಕ್ಕೋರು. “ಅಂಗೈ ಬಾಯಿ ಮುಂದ ಹಿಡಿ. ಝಾ ಅನ್ನು. ಉಸಿರು ಕೈಗೆ ಬಡೀಬೇಕು. ಬಡೀಲಿಲ್ಲ ಅಂದ್ರ ಅದು ಜಾ. ಹೊಟ್ಟಿಯಿಂದ ಬಿಡೋ, ಉಸಿರಿಗೇನು ಟಿಕೆಟ್ ಅದ?”

ರೈಲು ಬರುವವರೆಗೆ ನಾನು ಅಂಗೈ ಎದುರಿಟ್ಟುಕೊಂಡು ಜಾ, ಜಾ ಎನ್ನುತ್ತಲೇ ಇದ್ದೆ. ಚಹಾದವನು ನನಗೆ ಹಲ್ಲುನೋವು ಎಂದುಕೊಂಡು ಲವಂಗ ಕೊಟ್ಟ. ಉಸಿರು ಮಾತ್ರ ಕೈಗೆ ಬಡಿಯಲಿಲ್ಲ.

ಊರಿಗೆ ಹೋದ ಮೇಲೆ ಅಕ್ಕೋರು ದಿಬ್ಬದ ಕಡೆ ತಲೆ ಹಾಕಲಿಲ್ಲ. ನೆಟ್ಟಗೆ ಘಾಟಿಗೆ ನಡೆದು, ಚಪ್ಪಲಿ ಬಿಟ್ಟು, ನೀರಿಗೆ ಕಾಲು ಇಳಿಬಿಟ್ಟು ಹೆಂಗಸರ ನಡುವೆ ಕೂತರು. ತಮ್ಮ ಒಡೆದ ಹಿಮ್ಮಡಿ ತೋರಿಸಿ, ನನ್ನ ಜಾಮಾದ ಕತೆ ಹೇಳಿ ನಗಿಸಿ, ಮಾತು ತೆಗೆದರು. ಅವರ ಬಂಗಾಳಿಗೂ ಧಾರವಾಡದ ಖಾರವಿತ್ತು, ಆದರೆ ಮಹಾಪ್ರಾಣ ಒಂದೂ ತಪ್ಪುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಏಳು ಜನ ತಂತಮ್ಮ ಝಾಮಾ ತಂದು ಮೆಟ್ಟಿಲ ಮೇಲಿಟ್ಟರು. ಏಳೂ ಒಂದೇ ದಪ್ಪ. ಈಗಿನ ಇಟ್ಟಿಗೆಗಿಂತ ತೆಳು, ಅಗಲ. ಒಂದರ ಮೇಲೆ ಆಡಿನ ಗೊರಸಿನ ಗುರುತು ಅಚ್ಚೊತ್ತಿದಂತಿತ್ತು.

ಅಕ್ಕೋರು ಆ ಗುರುತಿನಲ್ಲಿ ಬೆರಳಿಟ್ಟರು. “ಹಸಿ ಇಟ್ಟಂಗಿ ಬಿಸಲಿಗೆ ಇಟ್ಟಾರ, ಆಡು ಬಂದು ತುಳದದ. ಇಟ್ಟಂಗಿ ಮಾಡಿದಾವಾ ಆಡಿಗೆ ಏನೇನು ಬೈದಾನೋ” ಎಂದರು. ಆ ಬೈಗುಳ ತಮಗೆ ಕೇಳಿಸುತ್ತಿದೆ ಎಂಬಂತಿತ್ತು ಅವರ ಮುಖ.

ಆಮೇಲೆ ದಿಬ್ಬ ಹತ್ತಿದೆವು. ಮಳೆ ಕೊರೆದ ಒಂದು ಮಗ್ಗುಲಲ್ಲಿ, ಹುಲ್ಲು ಸರಿಸಿದರೆ, ಮೂರು ವರಸೆ ಇಟ್ಟಿಗೆ. ನಾನು ಹೋದ ವಾರ ಅದೇ ಜಾಗದಲ್ಲಿ ನಿಂತು ಸೆಲ್ಫಿ ತೆಗೆದಿದ್ದೆ. ಅಕ್ಕೋರು ಕೋಲು ಮಲಗಿಸಿ ಫೋಟೋ ತೆಗೆದರು.

“ಎತ್ತರದ ಜಾಗ ನಿನಗ ಇವತ್ತು ಬೇಕಾಗ್ಯದ. ಅವರಿಗೆ ಅವತ್ತು ಬೇಕಾಗಿತ್ತು. ಕಾಲು ತೊಯ್ಯಬಾರದು, ಅಷ್ಟ. ಈ ನೀರಿನ ನಾಡಿನಾಗ ದಿಬ್ಬ ತಾನಾಗೇ ಹುಟ್ಟೂದಿಲ್ಲೋ ತಮ್ಮಾ, ಯಾರೋ ಬದುಕಿರಬೇಕು.” ಫಾರ್ಮಿನಲ್ಲಿ ಬರೆದರು: ‘ಇದೆ. ಇಲ್ಲಿ ಅಗೆಯಕೂಡದು.’

ಅಷ್ಟು ಹೊತ್ತೂ ಹಿಂದೆ ನಿಂತಿದ್ದ ರೆಹಾನಾ ಮುಂದೆ ಬಂದಳು. “ಸತ್ತವರ ಗೋಡೆ ಉಳಿಯಬೇಕು, ನಮ್ಮ ಮಕ್ಕಳು ಉಳಿಯೋದು ಬೇಡವಾ?” ಎಂದಳು. ಕಿರುಚಲಿಲ್ಲ. ತಾಳೆಮರದ ಕಡೆ ಕೈ ತೋರಿಸಿ ಆ ಹೆರಿಗೆಯ ಕತೆಯನ್ನು ಮೊದಲಿನಿಂದ ಹೇಳಿದಳು. ಪಟ್ಟಿ ಶುಕ್ರವಾರ ಮುಚ್ಚುತ್ತಿತ್ತು. ಅಷ್ಟರೊಳಗೆ ಜಾಗ ಖಚಿತವಾಗದ ಊರು ಮುಂದಿನ ಸುತ್ತಿಗೆ, ಆ ಸುತ್ತು ಯಾವ ಕಾಲಕ್ಕೋ ಯಾರಿಗೂ ಗೊತ್ತಿರಲಿಲ್ಲ.

ಅಕ್ಕೋರು ರೆಹಾನಾಳ ಕೈ ಹಿಡಿದರು. “ಟವರ್ ಬೇಡ ಅಂತ ನಾನು ಅಂದೆನಾ? ಇಲ್ಲಿ ಬೇಡ ಅಂದೆ. ಶುಕ್ರವಾರದೊಳಗೆ ಬೇರೆ ಜಾಗ ತೋರಿಸ್ತೀನಿ. ತೋರಿಸದಿದ್ದರೆ ಆಮೇಲೆ ನನ್ನನ್ನು ಬಯ್ಯಿ” ಎಂದರು ಬಂಗಾಳಿಯಲ್ಲಿ. ರೆಹಾನಾ ಕೈ ಬಿಡಿಸಿಕೊಂಡಳು.

ಮಂಗಳವಾರ ನಮ್ಮ ಸಾಹೇಬರು ಅಕ್ಕೋರನ್ನು ಪಾರ್ಕ್ ಸ್ಟ್ರೀಟಿನ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದರು. ನಾನೂ ಇದ್ದೆ. ಸಾಹೇಬರು ಬಹಳ ನಯವಾಗಿ, ಒಂದು ಚೂರು ಇಟ್ಟಿಗೆಗಾಗಿ ಒಂದು ಊರಿಗೆ ಅನ್ಯಾಯವಾಗಬಾರದು, ‘ಇಲ್ಲ’ ಎಂಬ ಒಂದು ಪದ ಸಾಕು ಎಂದರು. ಅಕ್ಕೋರು ಸೂಪಿನಿಂದ ಕ್ಯಾರಮೆಲ್ ಕಸ್ಟರ್ಡಿನವರೆಗೆ ಒಂದನ್ನೂ ಬಿಡದೆ ಉಂಡರು. ಕಸ್ಟರ್ಡ್ ಇನ್ನೊಂದು ತರಿಸಿಕೊಂಡರು. ಬಾಯಿ ಒರೆಸಿಕೊಂಡು, ಊಟ ಬಹಳ ಚೆನ್ನಾಗಿತ್ತು, ಸಹಿ ಆಗುವುದಿಲ್ಲ ಎಂದರು.

ಹೊರಗೆ ಫುಟ್‌ಪಾತಿನಲ್ಲಿ ನಾನು ಆಡಿದ ಮಾತು ಬರೆಯಲು ಈಗಲೂ ನಾಚಿಕೆಯಾಗುತ್ತದೆ. “ಅಕ್ಕೋರೆ, ಆ ಹೆಂಗಸಿನ ಕತೆ ನೀವೂ ಕೇಳಿದ್ರಲ್ಲ. ಒಂದು ಪದ ತಾನೇ, ಬರೆದುಬಿಡಿ. ನಾನೇನು ಯಾರಿಗೂ ಹೇಳಲ್ಲ” ಎಂದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಆ ಹುಡುಗಿ ಒಂದು ಪದ ಕೇಳಿಸಲಿಲ್ಲ ಅಂತ ಕೂಸು ಕಳಕೊಂಡಾಳ. ನೀ ನನಗ ಒಂದು ಪದ ತಾನೇ ಅಂತೀ” ಎಂದರು. ಮೆಟ್ರೋ ಮೆಟ್ಟಿಲು ಇಳಿಯುವಾಗ ತಿರುಗಿ, “ನಾಳಿ ಏಳೂವರಿಗೆ ಡಮ್ ಡಮ್. ಹಳೇ ಬೂಟು ಹಾಕ್ಕೊಂಡು ಬಾ” ಎಂದರು.

ಬುಧವಾರ, ಗುರುವಾರ ಎರಡು ದಿನ ಆ ಊರಿನ ಒಂದೊಂದು ಬದುವನ್ನೂ ನಡೆದೆವು. ಅಕ್ಕೋರ ಮಂಡಿ ಊದಿ ಸೀರೆಯ ಮೇಲಿಂದಲೇ ಕಾಣುತ್ತಿತ್ತು. ಕೂರಿ ಎಂದರೆ, “ಕೂತರ ಏಳಸಾವರು ಯಾರು, ನೀನೇನು?” ಎಂದು ಮುಂದೆ ಹೋಗುತ್ತಿದ್ದರು. ಎಲ್ಲೆಲ್ಲಿ ಈಚೆಗೆ ಕೆರೆ ತೋಡಿದ್ದಾರೆ, ಬಾವಿ ತೆಗೆದಿದ್ದಾರೆ ಎಂದು ಕೇಳುವುದು, ಹೋಗಿ ಕಡಿದ ದಡದ ಮಣ್ಣು ಪದರ ಪದರವಾಗಿ ನೋಡುವುದು, ಚೂರು ಕಂಡರೆ ತಲೆ ಅಲ್ಲಾಡಿಸಿ ಮುಂದಕ್ಕೆ. ರೆಹಾನಾ ಮೊದಲ ದಿನ ನಮ್ಮನ್ನು ಕಾಯುವವಳಂತೆ ಹತ್ತು ಹೆಜ್ಜೆ ಹಿಂದೆ ಬಂದಳು. ಎರಡನೇ ದಿನ ಅಕ್ಕೋರ ಚೀಲ ಅವಳ ಹೆಗಲಲ್ಲಿತ್ತು, ನನಗೆ ಬಿಡುಗಡೆಯಾಗಿತ್ತು.

ಗುರುವಾರ ಮಧ್ಯಾಹ್ನ, ಪಂಚಾಯಿತಿ ಆ ಬೇಸಿಗೆಯಲ್ಲಿ ತೋಡಿಸಿದ ಹೊಸ ಕೆರೆಯೊಂದರ ದಡವನ್ನು ರೆಹಾನಾ ತೋರಿಸಿದಳು. ಎರಡಾಳು ಆಳದವರೆಗೆ ಬರೀ ಹೊಳೆಯ ಮೆಕ್ಕಲು, ಚೂರಿಲ್ಲ, ಇದ್ದಿಲಿಲ್ಲ. ಪಕ್ಕದಲ್ಲೇ ಪಂಚಾಯಿತಿಯ ಖಾಲಿ ನೆಲ. ಅಕ್ಕೋರು ಕೋಲನ್ನು ಅಲ್ಲಿ ಊರಿದರು.

“ಇಲ್ಲಿ ನೀರು ನಿಲ್ಲುತ್ತೆ ಅಕ್ಕೋರೆ” ಎಂದೆ. “ತಗ್ಗು. ಟವರಿಗೆ ದಿಬ್ಬ ಬೇಕು.”

“ದಿಬ್ಬ ಬೇಕಂದ್ರ ದಿಬ್ಬ ಮಾಡು! ಅವರು ಕೈಲೆ ಮಣ್ಣು ಹೊತ್ತು ಮಾಡ್ಯಾರ. ನೀ ಇಂಜಿನಿಯರ್ ಅಲ್ಲೇನು?”

ನನಗೆ ಕೆನ್ನೆಗೆ ಹೊಡೆದಂತಾಯಿತು. ವಾಪಸು ರೈಲಿನಲ್ಲೇ ಚಿತ್ರ ಬರೆಯಲು ಕೂತೆ. ಕೆರೆಯಿಂದ ತೆಗೆದ ಮಣ್ಣು ಅಲ್ಲೇ ಗುಡ್ಡೆಯಾಗಿತ್ತು, ಅದನ್ನೇ ಹಾಕಿ ಎತ್ತರಿಸಿ, ಬುನಾದಿಗೆ ಕಂಬಗಳನ್ನು ಆಳಕ್ಕಿಳಿಸಿದರೆ ನಿಲ್ಲುತ್ತದೆ ಎಂದು ಬಾರಾಸಾತ್ ಬರುವ ಹೊತ್ತಿಗೆ ಲೆಕ್ಕ ಸಿಕ್ಕಿತು. ಶುಕ್ರವಾರ ಸಾಹೇಬರ ಮೇಜಿನ ಮೇಲಿಟ್ಟೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಇದಾಗದಿದ್ದರೆ ನನ್ನನ್ನು ಈ ಕೆಲಸದಿಂದ ಬಿಡಿಸಿ ಎಂದೆ. ಸಾಹೇಬರು ನನ್ನ ಮುಖ ನೋಡಿದರು, ಚಿತ್ರ ನೋಡಿದರು, ಸಹಿ ಮಾಡಿದರು. ಹೊಸ ಜಾಗದ ಫಾರ್ಮಿನಲ್ಲಿ ಅಕ್ಕೋರು ಬರೆದಿದ್ದರು: ‘ನಾನು ನೋಡಿದಷ್ಟರಲ್ಲಿ ಕಾಣಲಿಲ್ಲ.’ ಆ ಸಲ ನಾನು ಬೈದುಕೊಳ್ಳದೆ ಲಗತ್ತಿಸಿದೆ.

ಕಂಬದ ಗುಂಡಿ ತೋಡುವಾಗಲೂ ಬಂದು ದಡದಲ್ಲಿ ನಿಂತರು. ಕೊನೆಯ ಗುಂಡಿಯಲ್ಲೂ ಏನೂ ಸಿಗಲಿಲ್ಲ. ಈಗಲಾದರೂ ‘ಇಲ್ಲ’ ಅನ್ನಿ ಎಂದು ರೇಗಿಸಿದೆ. “ಈ ಗುಂಡ್ಯಾಗ ಕಾಣಲಿಲ್ಲ” ಎಂದರು. ಘಾಟಿನ ಹೆಂಗಸರಿಗೆ ಇನ್ನು ದಿಬ್ಬ ಕೆದಕಬೇಡಿ ಎಂದು ಬರೀ ಹೇಳಿ ಬರುವವರಲ್ಲ. ಇಟ್ಟಿಗೆ ಗೂಡಿನಿಂದ ಒಂದು ಚೀಲ ಝಾಮಾ ತರಿಸಿ ಒಬ್ಬೊಬ್ಬರಿಗೂ ಹಂಚಿದರು. ಆಡಿನ ಗೊರಸಿನ ಚೂರನ್ನು ಮಾತ್ರ, ಸಿಕ್ಕ ಜಾಗ, ಕೊಟ್ಟವಳ ಹೆಸರು ಬರೆದು, ಸರ್ಕಾರದ ಪುರಾತತ್ವ ಕಚೇರಿಗೆ ಒಪ್ಪಿಸಿದರು.

ಮರುವರ್ಷ ನಮ್ಮ ಕಚೇರಿ ಅವರನ್ನು ಕರೆಯಲಿಲ್ಲ. ಫಾರ್ಮು ಸರಿಯಾಗಿ ತುಂಬುವವರು ಸಿಕ್ಕಿದ್ದರು. ನಾನು ಹೋಗಿ ಹೇಳಿದಾಗ, “ಹೋಗಲಿ ಬಿಡೋ, ನೀ ಇದ್ದೀಯಲ್ಲ” ಎಂದು ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಆ ಮಾತಿನ ಭಾರ ನನಗೆ ಅವತ್ತು ತಿಳಿಯಲಿಲ್ಲ.

ಅವರು ಹೋಗಿ ಎಂಟು ದಿನಕ್ಕೆ ನನ್ನ ಮೇಜಿಗೆ ಹೊಸ ಫೈಲು ಬಂತು. ಅದೇ ಊರಿನ ಕಾಲುವೆಯ ಆಚೆ ಇನ್ನೊಂದು ಟವರ್. ಹೊಸಬರು ಡ್ರೋನ್ ಹಾರಿಸಿ ಫೋಟೋ ತೆಗೆದು, ಅಂಕಣದಲ್ಲಿ ಅಚ್ಚುಕಟ್ಟಾಗಿ ‘ಇಲ್ಲ’ ಎಂದು ತುಂಬಿದ್ದರು. ಓದುತ್ತಿರುವಾಗಲೇ ರೆಹಾನಾಳ ಫೋನು ಬಂತು.

“ದಾದಾ, ಅಕ್ಕೋರ್‌ದಿದಿ ಫೋನ್ ಎತ್ತುತ್ತಾ ಇಲ್ಲ. ಕಾಲುವೆ ಆಚೆ ಜಾಗ ನೋಡೋಕೆ ಯಾವಾಗ ಬರ್ತಾರೆ ಅಂತ ಕೇಳಬೇಕಿತ್ತು.” ನಾನು ಕರೆಯುವುದನ್ನು ಕೇಳಿ ಕೇಳಿ ಅಕ್ಕೋರು ಎಂಬುದನ್ನೇ ಅವಳು ಹೆಸರೆಂದು ತಿಳಿದು, ಅದಕ್ಕೆ ದಿದಿ, ಅಂದರೆ ಅಕ್ಕ, ಎಂದು ಸೇರಿಸಿದ್ದಳು.

ಬಂಗಾಳಿಯಲ್ಲೂ ನಮ್ಮ ಹಾಗೆಯೇ, ತೀರಿಕೊಂಡವರನ್ನು ಇಲ್ಲ ಎನ್ನುತ್ತಾರೆ. ಆ ಪದವನ್ನು ಅವರು ಜೀವಮಾನವಿಡೀ ಬರೆಯಲಿಲ್ಲ, ಅವರ ಬಗ್ಗೆ ಅದನ್ನು ನಾನು ಹೇಳಬೇಕಾಯಿತು. “ಉನಿ ನೇಯ್” ಎಂದೆ. ಆಕೆ ಇಲ್ಲ.

ಅವಳು ಅಳುವುದು ಕೇಳಿಸಿತು. ಮೂಗು ಒರೆಸಿಕೊಂಡದ್ದು, ಹಿಂದೆ ಘಾಟಿನಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದದ್ದು, ಎಲ್ಲವೂ ಕೇಳಿಸಿತು. ಲೈನ್ ಒಮ್ಮೆಯೂ ತುಂಡಾಗಲಿಲ್ಲ.

“ಹಾಗಾದರೆ ಆ ಜಾಗ ಯಾರು ನೋಡ್ತಾರೆ?” ಎಂದಳು ಕೊನೆಗೆ.

ಫೈಲಿನಲ್ಲಿದ್ದ ‘ಇಲ್ಲ’ದ ಮೇಲೆ ಗೀಟು ಎಳೆದೆ. “ನಾನು ಬರ್ತೀನಿ. ನಾಳೆಯೇ. ನೋಡಬೇಕಾದವರನ್ನೂ ಎಳೆದುಕೊಂಡು ಬರ್ತೀನಿ. ಮೊದಲು ಘಾಟಿಗೆ.”

“ನೀವಾ?” ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ಘಾಟಿನಲ್ಲಿ ಏನಂತ ಕೇಳ್ತೀರಾ? ಬಟ್ಟೆ ಎಲ್ಲಿಂದ ತರ್ತೀರಿ ಅಂತಾನಾ?”

ಬಲಗೈಯಲ್ಲಿ ಫೋನಿತ್ತು. ಎಡಗೈಯನ್ನು ಬಾಯಿಯ ಮುಂದೆ ಹಿಡಿದೆ. ಕಚೇರಿಯಲ್ಲಿ ಎಲ್ಲರೂ ನೋಡುತ್ತಿದ್ದರು.

“ಝಾಮಾ” ಎಂದೆ.

“ಎಬಾರ್ ಹೋಯೆಛೆ” ಎಂದಳು ರೆಹಾನಾ. ಈಗ ಸರಿಯಾಯಿತು. ಉಸಿರು ಅಂಗೈಗೆ ಬಡಿದಿತ್ತು.